ಮಡಿಯಲ್ಲಿ ತುಂಬಿದ ತೋಟೆಗಳು

ದೀಪಾವಳಿ ಹತ್ತಿರ ಬಂತೆಂದರೆ ಬಹರೈನಿನ ಸನದ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಹುಣಸೆಹುಳಿಯದೇ ವಾಸನೆ. ನನ್ನಾಕೆ ದೇವರ ದೀಪ, ಗಂಟೆ, ಹರಿವಾಣಗಳನ್ನೆಲ್ಲ ಸಿಂಕಿಗೆ ಹಾಕಿಕೊಂಡು, ಹುಳಿ ಉಪ್ಪು ಹಚ್ಚಿ ತಿಕ್ಕಲು ನಿಲ್ಲುತ್ತಾಳೆ. ತಿಕ್ಕುವಾಗ ಬಾಯಲ್ಲಿ ಸ್ತೋತ್ರ. ಸ್ತೋತ್ರದ ನಡುವೆ ಬ್ರಹ್ಮ ಬಂದು ಕರೆದರೂ ಅವಳು ಓಗೊಡುವುದಿಲ್ಲ. ಈ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು, ಕನ್ನಡಕ ಎಲ್ಲಿ ಎಂದು ಕೇಳಿದೆ. ಉತ್ತರವಿಲ್ಲ. ದನಿ ಏರಿಸಿ ಇನ್ನೊಮ್ಮೆ ಕೇಳಿದೆ. ಅದಕ್ಕೂ ಇಲ್ಲ. ಈ ಮನೆಯಲ್ಲಿ ಗಂಡನೆಂಬವನಿಗೆ ಕವಡೆ ಕಿಮ್ಮತ್ತೂ ಇಲ್ಲವಲ್ಲ ಎಂದು ಮುಖ ಊದಿಸಿಕೊಂಡು ಹೊರಡುವವನಿದ್ದೆ. ಅಷ್ಟರಲ್ಲಿ ಅವಳ ಬೆರಳುಗಳ ನಡುವೆ ಇದ್ದ ಪುಟ್ಟ ಹಿತ್ತಾಳೆ ಕೊಳವೆ ಕಣ್ಣಿಗೆ ಬಿತ್ತು.

ನಮ್ಮ ದೇವರ ಮುಂದೆ ಊದುಬತ್ತಿ ನಿಲ್ಲುವುದು ಅದರಲ್ಲಿ. ಒಳಗೆ ನಾಲ್ಕು ಕಾಳು ಅಕ್ಕಿ ತುಂಬಿದರೆ ಕಡ್ಡಿ ಅಲುಗಾಡದೆ ನಿಲ್ಲುತ್ತದೆ. ಬಂದವರು, ಚೆಂದ ಉಂಟಲ್ಲ, ಉಡುಪಿಯ ರಥಬೀದಿಯಲ್ಲಿ ತೆಗೆದದ್ದಾ ಎಂದು ಕೇಳುತ್ತಾರೆ. ನಾನು ಹೂಂ ಎನ್ನುತ್ತೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ಗಾಬರಿಯಾಗಬೇಡಿ. ಅದು ದೊಡ್ಡ ರಿವಾಲ್ವರಿನಿಂದ ಹಾರಿಸಿದ ತೋಟೆಯ ಖಾಲಿ ಚಿಪ್ಪು. ಅದನ್ನು ತುಂಬಿದ ಕೈಗಳಲ್ಲಿ ಎರಡು ನನ್ನವು.

ಪಟಾಕಿಗೆ ಬೆಂಕಿ ಕೊಟ್ಟು ಓಡಿಹೋಗಿ ದನದ ಹಟ್ಟಿಯಲ್ಲಿ ಅವಿತುಕೊಳ್ಳುತ್ತಿದ್ದ ಭಟ್ಟರ ಮನೆಯ ಹುಡುಗ ನಾನು. ತೊಂಬತ್ತರ ದಶಕದ ನಡುವಿನಲ್ಲಿ ಬಹರೈನ್‌ಗೆ ಬಂದಾಗ ಸಿಕ್ಕಿದ ಕೆಲಸ, ಮರಳುಗಾಡಿನ ಅಂಚಿನಲ್ಲಿದ್ದ ಒಂದು ಶೂಟಿಂಗ್ ಕ್ಲಬ್ಬಿನ ಆಫೀಸಿನಲ್ಲಿ ಗುಮಾಸ್ತಿಕೆ. ಸೆಗಯಾ ಎಂಬಲ್ಲಿದ್ದ ನನ್ನ ಬಾಡಿಗೆ ಕೋಣೆಯಿಂದ ದಿನಾ ಕ್ಲಬ್ಬಿನ ವ್ಯಾನಿನಲ್ಲಿ ಹೋಗಿ ಬರುತ್ತಿದ್ದೆ. ಅಮ್ಮನಿಗೆ, ಆಟದ ಕ್ಲಬ್ಬು ಎಂದಷ್ಟೇ ಬರೆದಿದ್ದೆ. ಅವಳು ಅದನ್ನು ಕೇರಂ ಎಂದುಕೊಂಡು ನೆಮ್ಮದಿಯಾಗಿದ್ದಳು.

ಆ ಕ್ಲಬ್ಬಿನ ಹಿಂಬದಿಯ ಸಣ್ಣ ಕೋಣೆಯೊಂದು ಲ್ಯಾನ್ಸಿ ಪೊರ್ಬುಗಳ ಸಾಮ್ರಾಜ್ಯ. ನಮ್ಮ ಕಡೆ ಕ್ರಿಶ್ಚನ್ ಹಿರಿಯರನ್ನು ಪೊರ್ಬುಗಳು ಎನ್ನುವುದು ವಾಡಿಕೆ. ಮಂಗಳೂರಿನಲ್ಲಿ ಕೋವಿ ರಿಪೇರಿಯ ಅಂಗಡಿ ಇಟ್ಟಿದ್ದ ಮನೆತನ ಅವರದ್ದು. ಗಿಡ್ಡ ಆಳು, ಬಿಳಿ ಮೀಸೆ, ಮೂಗಿನ ತುದಿಯಲ್ಲಿ ಕನ್ನಡಕ. ಕ್ಲಬ್ಬಿನ ದೊಡ್ಡ ರಿವಾಲ್ವರುಗಳಿಗೆ ಬೇಕಾದ ತೋಟೆ ಹಡಗಿನಲ್ಲಿ ಬರಬೇಕು, ಬಂದದ್ದು ಕಸ್ಟಮ್ಸಿನಲ್ಲಿ ಕೂರುತ್ತದೆ. ಹಾಗಾಗಿ ಹಾರಿಸಿದ ಚಿಪ್ಪುಗಳನ್ನು ಹೆಕ್ಕಿ ತಂದು ಕೈಯಲ್ಲೇ ಮತ್ತೆ ತುಂಬುವ ಏರ್ಪಾಡು. ಆಫೀಸಿನಲ್ಲಿ ನನಗೆ ಮಧ್ಯಾಹ್ನದ ಮೇಲೆ ನೊಣ ಹೊಡೆಯುವುದಷ್ಟೇ ಕೆಲಸವಾದ್ದರಿಂದ ನನ್ನನ್ನು ಅವರ ಸಹಾಯಕ್ಕೆ ಹಾಕಿದರು.

ಮೊದಲ ದಿನವೇ ನನ್ನ ಕೈಗೆ ಹುಣಸೆಹುಳಿಯ ಉಂಡೆ ಕೊಟ್ಟರು.

"ಭಟ್ರೇ, ನಿಮ್ಮ ಮನೆಯಲ್ಲಿ ದೀಪ ಹೇಗೆ ತೊಳೀತಾರೆ? ಹಾಗೇ ತೊಳೀರಿ. ಬಿಳಿಯರು ಇದಕ್ಕೆ ಎಂತೆಂತದ್ದೋ ಪುಡಿ ತರಿಸ್ತಾರೆ. ನಮ್ಮ ಹುಳಿಯ ಎದುರು ಅದೆಲ್ಲ ಎಂತದ್ದೂ ಅಲ್ಲ."

ತೊಳೆದ ಚಿಪ್ಪುಗಳನ್ನು ತಾರಸಿಯಲ್ಲಿ ಹರಡಿದರೆ ಬಹರೈನಿನ ಬಿಸಿಲು ಚಿಟಿಕೆ ಹೊಡೆಯುವುದರೊಳಗೆ ಒಣಗಿಸುತ್ತಿತ್ತು. ಆಮೇಲೆ ಅವನ್ನು ಒಂದೊಂದಾಗಿ ಒತ್ತುಯಂತ್ರಕ್ಕೆ ಕೊಟ್ಟು ಹಿಡಿ ಎಳೆಯಬೇಕು. ನಮ್ಮ ಶ್ಯಾವಿಗೆ ಒತ್ತುವ ಮಣೆ ನೋಡಿದ್ದೀರಲ್ಲ, ಅದೇ ಗತ್ತು. ಬೆಂಕಿಯಲ್ಲಿ ಹಿಗ್ಗಿದ ಹಿತ್ತಾಳೆ ಮತ್ತೆ ಅಳತೆಗೆ ಬರುತ್ತದೆ. ಅಡಿಗೆ ಕಿಡಿ ಹುಟ್ಟಿಸುವ ಹೊಸ ಕೇಪು, ಒಳಗೆ ತೂಗಿದ ಮದ್ದು, ಬಾಯಿಗೆ ಸೀಸದ ಗುಂಡು. ಹೇಳುವುದಕ್ಕೆ ಇಷ್ಟೇ. ಆದರೆ ಮದ್ದು ಬೀಳದೆ ಹೋದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಎರಡು ಸಲ ಬಿದ್ದರೆ ಹಾರಿಸುವವನ ಕೈಯೇ ಹೋದೀತು. ಅದಕ್ಕೆ ಗುಂಡು ಕೂರಿಸುವ ಮುಂಚೆ ಹಲಗೆಯಲ್ಲಿ ಸಾಲಾಗಿ ನಿಂತ ಪ್ರತಿಯೊಂದು ಚಿಪ್ಪಿನೊಳಗೂ ಟಾರ್ಚು ಬಿಟ್ಟು ನೋಡುವುದು ಪೊರ್ಬುಗಳ ಕಟ್ಟಳೆ. ಅವರು ಕನ್ನಡಕ ಹಣೆಗೇರಿಸಿ ಹಾಗೆ ಬಗ್ಗಿ ನೋಡುವುದನ್ನು ಕಂಡರೆ ನನಗೆ ಮಗುವಿನ ಕಿವಿ ನೋಡುವ ನಮ್ಮೂರಿನ ಡಾಕ್ಟರರ ನೆನಪಾಗುತ್ತಿತ್ತು.

ಇಷ್ಟೆಲ್ಲ ಜಾಗ್ರತೆ ಇದ್ದೂ ಒಂದು ದಿನ ಎಡವಟ್ಟಾಯಿತು. ಅದೂ ಅಬು ಜಾಸಿಂ ಅವರ ಕೈಯಲ್ಲಿ. ಅಬು ಜಾಸಿಂ ಕ್ಲಬ್ಬಿನ ಹಿರಿಯ ಸದಸ್ಯರು, ಬಹರೈನಿನ ಹಳೇ ಮನೆತನದವರು, ನಮ್ಮವರೊಡನೆ ವ್ಯಾಪಾರ ಮಾಡಿ ಮಾಡಿ ಹಿಂದಿಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದರು. ಅವರು ರಿವಾಲ್ವರಿನ ಕುದುರೆ ಎಳೆದಾಗ ಢಂ ಎನ್ನುವ ಬದಲು ಟುಪ್ ಎಂದಿತು, ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಅನುಭವಸ್ಥರಾದ್ದರಿಂದ ತಕ್ಷಣ ರಿವಾಲ್ವರನ್ನು ಕೆಳಗಿಟ್ಟರು. ಇನ್ನೊಬ್ಬರಾಗಿದ್ದರೆ ಇನ್ನೊಮ್ಮೆ ಎಳೆದು ಕೆಲಸ ಕೆಡಿಸಿಕೊಳ್ಳುತ್ತಿದ್ದರು.

ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ಇಂಗ್ಲಿಷ್ ಸಾಹೇಬ. ಕೂಗಾಡಲಿಲ್ಲ. ಚಳಿಗಾಲದ ಪಂದ್ಯಕ್ಕೆ ಇದೇ ಕೋಣೆಯ ತೋಟೆಗಳನ್ನೂ ಇಡಿ, ಅದರಲ್ಲಿ ಒಂದು ಕೈಕೊಟ್ಟರೂ ಕೋಣೆಗೆ ಬೀಗ ಎಂದ. ಲ್ಯಾನ್ಸಿಯನ್ನು ಕ್ಯಾಂಟೀನಿನ ಕೌಂಟರಿಗೆ ಹಾಕೋಣ ಎಂದೂ ಸೇರಿಸಿದ. ಪೊರ್ಬುಗಳು ಅಂದು ಊಟದ ಡಬ್ಬಿ ತೆರೆಯಲಿಲ್ಲ.

"ನಮ್ಮ ಅಪ್ಪ ತುಂಬಿದ ತೋಟೆ ಒಂದು ದಿನವೂ ಸುಮ್ಮನಾದದ್ದಿಲ್ಲ ಭಟ್ರೇ. ನಾನು ಈ ಪ್ರಾಯದಲ್ಲಿ ಸಮೋಸ ಮಾರುದಾ?"

ತಪ್ಪು ಎಲ್ಲಿ ನುಸುಳಿತು ಎಂದು ಇಬ್ಬರೂ ತಲೆ ಕೆರೆದುಕೊಂಡೆವು. ಉತ್ತರ ಮರುದಿನ ತಾನಾಗಿ ನಡೆದು ಬಂತು. ಅಬು ಜಾಸಿಂ ಬಾಗಿಲಿಗೆ ಬಂದು "ಅಸ್ಸಲಾಮು ಅಲೈಕುಂ" ಎಂದರು. ಈ ನಾಡಿನಲ್ಲಿ ಸಲಾಮಿಗೆ ಕೂತಲ್ಲಿಂದಲೇ ತಲೆಯಾಡಿಸಿದರೆ ಮುಗಿಯುವುದಿಲ್ಲ. ಎದ್ದು ನಿಲ್ಲಬೇಕು, ಕೈ ಕುಲುಕಬೇಕು, ಆರೋಗ್ಯ ಹೇಗೆ, ಮನೆಯವರು ಹೇಗೆ, ಮಕ್ಕಳು ಹೇಗೆ ಎಂದು ಎರಡೂ ಕಡೆಯಿಂದ ವಿಚಾರಣೆಯಾಗಬೇಕು. ಪೊರ್ಬುಗಳು ಮದ್ದಿನ ಚಮಚ ಬಿಟ್ಟು ಎದ್ದು ಎಲ್ಲವನ್ನೂ ಸಾಂಗವಾಗಿ ಮುಗಿಸಿದರು. ತಿರುಗಿ ಬಂದು ಹಲಗೆ ನೋಡಿ, "ಎಲ್ಲಿಗೆ ನಿಲ್ಲಿಸಿದ್ದೆ? ಟಾರ್ಚು ಹಾಕಿ ಆಯ್ತಲ್ಲ?" ಎಂದರು. ಆಗಿರಲಿಲ್ಲ. ಆ ಟುಪ್ ಎಂದದ್ದೂ ಹೀಗೇ ನಡುವೆ ಎದ್ದಾಗ ಟಾರ್ಚು ತಪ್ಪಿದ್ದರಿಂದ ಎಂದು ಇಬ್ಬರಿಗೂ ಹೊಳೆಯಿತು.

ನನಗೆ ಅಜ್ಜಿಯ ನೆನಪಾದದ್ದು ಆಗ. ಅವಳು ಒದ್ದೆ ಸೀರೆ ಉಟ್ಟು ಮಡಿಯಲ್ಲಿ ನೈವೇದ್ಯಕ್ಕೆ ಅಡುಗೆ ಮಾಡುವಾಗ ಯಾರೂ ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ. ಮುಟ್ಟಿದರೋ, ಮತ್ತೆ ಸ್ನಾನ, ಮತ್ತೆ ಮೊದಲಿನಿಂದ ಅಡುಗೆ. ಬೇಕೆಂದೇ ಮುಟ್ಟಿ ಓಡುತ್ತಿದ್ದ ನಾನು ಸೌಟಿನ ಪೆಟ್ಟನ್ನೂ ತಿಂದಿದ್ದೆ. ಇದನ್ನು ಪೊರ್ಬುಗಳಿಗೆ ಹೇಳಿದೆ.

"ನಾನು ಇಗರ್ಜಿಗೆ ಹೋಗುವವ ಮಾರಾಯ್ರೇ, ನಂಗೆ ಎಂತ ಮಡಿ?" ಎಂದು ನಕ್ಕರು. ನಕ್ಕವರು ಮರುದಿನ ತೊಳೆದ ಬನಿಯನ್ ಹಾಕಿ ಬಂದಿದ್ದರು. ಬಾಗಿಲಿನ ಹಿಡಿಗೆ ಒದ್ದೆ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಕಟ್ಟಿದರು. ಬೈರಾಸು ಇದ್ದರೆ ಒಳಗೆ ಮದ್ದಿನ ಡಬ್ಬಿ ತೆರೆದಿದೆ ಎಂದರ್ಥ. ಕೊನೆಯ ಗುಂಡು ಕೂರುವವರೆಗೆ ಮಾತಿಲ್ಲ, ಓಗೊಡುವುದಿಲ್ಲ. ಯಾರ ಬಾಯಿಂದಲಾದರೂ ಒಂದು ಶಬ್ದ ಹೊರಟರೆ ಹಾಕಿದ ಮದ್ದನ್ನೆಲ್ಲ ಸುರಿದು ಮೊದಲಿನಿಂದ ಶುರು. ನಾನೊಮ್ಮೆ ಸೀನಿದ್ದಕ್ಕೂ ಅವರು ಪೂರ್ತಿ ಹಲಗೆ ಸುರಿಸಿದರು. ಸೀನು ಮಾತಲ್ಲ ಎಂದು ವಾದಿಸಿದೆ. ನಿಮ್ಮ ಅಜ್ಜಿ ಒಪ್ತಿದ್ರಾ ಎಂದು ಕೇಳಿದರು. ಅಜ್ಜಿ ಖಂಡಿತ ಒಪ್ಪುತ್ತಿರಲಿಲ್ಲ.

ಪಂದ್ಯದ ಹಿಂದಿನ ದಿನ, ಗುರುವಾರ ಬೆಳಿಗ್ಗೆ, ಪಂದ್ಯದ ತೋಟೆಗಳನ್ನು ತುಂಬುತ್ತಿದ್ದೆವು. ಹಲಗೆ ಅರ್ಧ ತುಂಬಿತ್ತು. ಬಾಗಿಲಲ್ಲಿ ಅರಬರ ಉದ್ದನೆಯ ಬಿಳಿ ಅಂಗಿ, ತೋಬು, ಕಂಡಿತು. "ಅಸ್ಸಲಾಮು ಅಲೈಕುಂ."

ಅಬು ಜಾಸಿಂ. ನೋಡಿ, ಇಲ್ಲಿ ಸಲಾಮಿಗೆ ಉತ್ತರಿಸದಿರುವುದು ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅದರಲ್ಲೂ ಕಮಿಟಿಯಲ್ಲಿ ಮಾತು ನಡೆಯುವ ಹಿರಿಯರಿಗೆ. ನನ್ನ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತ್ತು. ಪೊರ್ಬುಗಳ ಕಿವಿ ಕೆಂಪಗಾಯಿತು, ಆದರೆ ಚಮಚ ಹಿಡಿದ ಕೈ ಅಲುಗಲಿಲ್ಲ. ಅಬು ಜಾಸಿಂ ನಮ್ಮನ್ನು ನೋಡಿದರು, ಬೈರಾಸನ್ನು ನೋಡಿದರು, ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೊರಟುಹೋದರು. ಹೊರಗೆ ಕಾರು ಚಾಲೂ ಆದ ಸದ್ದು ಕೇಳಿಸಿತು.

ಟಾರ್ಚು ಹಾಕಿ, ಕೊನೆಯ ಗುಂಡನ್ನೂ ಕೂರಿಸಿದ ಮೇಲೆಯೇ ಪೊರ್ಬುಗಳು ಬಾಯಿ ತೆರೆದರು. "ತೋಟೆ ಸರಿಯಾಯ್ತು ಭಟ್ರೇ. ಒಳ್ಳೇ ಮನುಷ್ಯನ ಮನಸ್ಸು ಹಾಳಾಯ್ತು." ನಾನು ತೋಟೆಗಳನ್ನು ರಟ್ಟಿನ ಡಬ್ಬಿಗೆ ಜೋಡಿಸಿದೆ.

ಶುಕ್ರವಾರ ಕ್ಲಬ್ಬಿನಲ್ಲಿ ಜನವೋ ಜನ. ಮೇಜಿನ ಮೇಲೆ ಒಂದು ಕಡೆ ಪಂದ್ಯಕ್ಕೆಂದೇ ಕಸ್ಟಮ್ಸಿನಿಂದ ಬಿಡಿಸಿ ತಂದ ಕಂಪನಿಯ ಮಿರಿಮಿರಿ ಪೆಟ್ಟಿಗೆಗಳು, ಇನ್ನೊಂದು ಕಡೆ ನಾವು ಕೈಯಲ್ಲಿ ತುಂಬಿದ ತೋಟೆಯ ರಟ್ಟಿನ ಡಬ್ಬಿ. ಟುಪ್ ಎಂದ ಕಥೆ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಪೆಟ್ಟಿಗೆಯ ಕಡೆಗೇ ಕೈ ಚಾಚಿದರು. ಅಬು ಜಾಸಿಂ ಸರದಿ ಬಂತು. ನಮ್ಮಿಬ್ಬರ ಕಡೆ ತಿರುಗಿಯೂ ನೋಡದೆ ಅವರು ರಟ್ಟಿನ ಡಬ್ಬಿ ಎತ್ತಿಕೊಂಡರು. ಪೊರ್ಬುಗಳು ನನ್ನ ತೋಳನ್ನು ಹಿಡಿದ ಬಿಗಿ ಎರಡು ದಿನ ನೀಲಿಯಾಗಿ ಉಳಿದಿತ್ತು.

ಢಂ.

ಆ ಸದ್ದಿನಷ್ಟು ಇಂಪಾದ ಸಂಗೀತವನ್ನು ನಾನು ಈ ಕಿವಿಯಲ್ಲಿ ಕೇಳಿಲ್ಲ, ದೇವರಾಣೆ. ಮತ್ತೆ ಢಂ. ಮತ್ತೆ. ಪಟಾಕಿಗೆ ಹೆದರಿ ಹಟ್ಟಿಗೆ ಓಡುತ್ತಿದ್ದವನು ಪ್ರತಿ ಸದ್ದಿಗೂ ಇನ್ನೊಂದು, ಇನ್ನೊಂದು ಎಂದು ಬೇಡಿಕೊಳ್ಳುತ್ತ ನಿಂತಿದ್ದೆ. ಡಬ್ಬಿ ಬರಿದಾಗುವವರೆಗೂ ಒಂದೂ ಕೈಕೊಡಲಿಲ್ಲ. ಗುರಿಯ ಕಾಗದ ತಂದು ನೋಡಿದರೆ, ತೂತುಗಳೆಲ್ಲ ನಡುವಿನ ಕರಿ ವೃತ್ತದಲ್ಲಿ ಒಂದರ ಮೈಮೇಲೊಂದು ಬಿದ್ದಿದ್ದವು. ಬಹುಮಾನದ ಕಪ್ಪು ಅಬು ಜಾಸಿಂ ಅವರಿಗೇ. ಕಾರ್ಯದರ್ಶಿ ಸಾಹೇಬ ಬಂದು ಕೋಣೆಯ ಬೀಗದ ಕೈಯನ್ನು ಪೊರ್ಬುಗಳ ಅಂಗೈಯಲ್ಲಿ ಇಟ್ಟು ಕೈ ಕುಲುಕಿದ.

ಅಬು ಜಾಸಿಂ ಕಪ್ಪನ್ನು ಕಂಕುಳಲ್ಲಿ ಹಿಡಿದು ಎಲ್ಲರ ಎದುರು ನೆಟ್ಟಗೆ ನಮ್ಮಲ್ಲಿಗೆ ಬಂದರು.

"ಕಲ್ ಕಾ ಸಲಾಮ್ ಬಾಕಿ ಹೈ, ಲ್ಯಾನ್ಸಿ."

ನಿನ್ನೆಯ ಸಲಾಮು ಬಾಕಿ ಇದೆ ಎಂದದ್ದಕ್ಕೆ ಪೊರ್ಬುಗಳು ಕ್ಷಮೆ ಕೇಳಲು ತಡವರಿಸಿದರು. ಅಬು ಜಾಸಿಂ ಕೈ ಅಡ್ಡ ಹಿಡಿದು ತಡೆದರು. ನಮಾಜಿಗೆ ನಿಂತವನು ಸಲಾಮಿಗೆ ಉತ್ತರ ಕೊಡುವುದಿಲ್ಲ, ಮುಗಿಸಿದ ಮೇಲೆ ಕೊಡುತ್ತಾನೆ, ನಿನ್ನೆ ನೀವು ನಿಂತ ರೀತಿ ನೋಡಿ ನನಗೆ ಅರ್ಥವಾಯಿತು, ಆ ಡಬ್ಬಿ ನನಗೇ ಬೇಕೆಂದು ಆಗಲೇ ತೀರ್ಮಾನಿಸಿದೆ ಎಂದರು. ಲ್ಯಾನ್ಸಿ ಪೊರ್ಬುಗಳು ನೆಟ್ಟಗೆ ನಿಂತು, ಇಡೀ ಮೈದಾನಕ್ಕೆ ಕೇಳುವ ಹಾಗೆ "ವಅಲೈಕುಮುಸ್ಸಲಾಂ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಮುಚ್ಚಿಡುವುದೇನು. ಆಮೇಲೆ ಪೊರ್ಬುಗಳು ಅಬು ಜಾಸಿಂ ಹಾರಿಸಿದ ಚಿಪ್ಪುಗಳಲ್ಲಿ ಒಂದನ್ನು ಹೆಕ್ಕಿ ನನ್ನ ಜೇಬಿಗೆ ಹಾಕಿ, "ಇದು ನಿಮ್ಮ ಅಜ್ಜಿಗೆ" ಎಂದರು.

ಇಷ್ಟು ನೆನಪಾಗುವಷ್ಟು ಹೊತ್ತು ಇಂದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಮುಖ ಊದಿಸುವುದನ್ನು ಬಿಟ್ಟು, ಅಬು ಜಾಸಿಂ ನಿಂತ ಹಾಗೆ ಸುಮ್ಮನೆ. ನನ್ನಾಕೆ ಸ್ತೋತ್ರ ಮುಗಿಸಿದಳು, ಕೊಳವೆಯನ್ನು ನೀರಿನಲ್ಲಿ ಅದ್ದಿ ಸೆರಗಿನಿಂದ ಒರೆಸಿದಳು. ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು.

"ಎರಡೆರಡು ಸಲ ಎಂತಕ್ಕೆ ಕೇಳುದು? ಒಮ್ಮೆ ಕೇಳಿದ್ದೇ ಕೇಳ್ತು. ಫ್ರಿಜ್ಜಿನ ಮೇಲೆ ಉಂಟು ನೋಡಿ," ಎಂದಳು.

ಕೇಳಿಸಿತ್ತು ಅವಳಿಗೆ. ನಾನು ಕನ್ನಡಕ ಹಾಕಿಕೊಂಡೆ, ಕೊಳವೆಗೆ ಅಕ್ಕಿ ತುಂಬಿದೆ, ಊದುಬತ್ತಿ ಹಚ್ಚಿ ನಿಲ್ಲಿಸಿದೆ. ಬಂದವರು ಎಲ್ಲಿಂದ ತಂದದ್ದು ಎಂದು ಕೇಳಿದರೆ ಇನ್ನು ಮೇಲೆ ರಥಬೀದಿ ಎನ್ನುವುದಿಲ್ಲ. ನಮ್ಮ ಅಜ್ಜಿಗೆಂದು ಲ್ಯಾನ್ಸಿ ಪೊರ್ಬುಗಳು ಕೊಟ್ಟದ್ದು ಎನ್ನುತ್ತೇನೆ.