ಕಾರಣವಿಲ್ಲದ ವಾಸನೆ

ಫೇಮತ್ತೆಯ ಮನೆಯಲ್ಲಿ ಸೀಗರ್ ಚೀಸು ಬೀಳದ ಊಟವೇ ಇರಲಿಲ್ಲ. ಶನಿವಾರ ಸಂಜೆಯಾದರೆ ನಮ್ಮೂರು ಎಂಗಿಯ ಎಲ್ಲ ಒಲೆಗಳ ಮೇಲೂ ಅದೇ ಇರುತ್ತದೆ, ಆ ಮಾತು ಬೇರೆ. ಅವಳು ಸೋಮವಾರವೂ ತುರಿಯುತ್ತಿದ್ದಳು, ಭಾನುವಾರ ಚರ್ಚಿಗೆ ಹೊರಡುವ ಮುಂಚೆಯೂ ತುರಿಯುತ್ತಿದ್ದಳು. ಆಲೂಗಡ್ಡೆ ಸೂಪಿಗೆ, ಬೆಣ್ಣೆಗೆ, ಮೊಟ್ಟೆಗೆ, ಕೊನೆಗೆ ಹಾಲಿನಲ್ಲಿ ಬೆಂದ ಅಕ್ಕಿಗೂ ಉದುರಿಸಿದ್ದನ್ನು ನಾನೇ ಕಂಡಿದ್ದೇನೆ. ಮುಷ್ಟಿಯಷ್ಟು ಗಾತ್ರದ, ತುದಿ ಮೊಟಕಾದ ಆ ಹಸಿರು ಚೀಸಿನ ಗಟ್ಟಿ ಅವಳ ಅಡುಗೆಮನೆಯ ಕಿಟಕಿಯಲ್ಲಿ ಸದಾ ಬೆತ್ತಲೆ ಕೂತಿರುತ್ತಿತ್ತು. ನಾವೆಲ್ಲ ಅದನ್ನು ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ನೆಲಮಾಳಿಗೆಯಲ್ಲಿ ಇಡುತ್ತೇವೆ. ನೀಲಿ ಹೂವಿನ ಮೆಂತ್ಯದ ಸೊಪ್ಪು ಬೆರೆತ ಆ ಘಾಟು ಒಮ್ಮೆ ಪರದೆಗೆ ಹತ್ತಿದರೆ ವಸಂತದ ತನಕ ಬಿಡುವುದಿಲ್ಲ.

ಮನೆ ಅವಳದು. ಕೆಳಗೆ ಅವಳೊಬ್ಬಳೇ, ಮೇಲೆ ಬಾಡಿಗೆಗೆ ನಾನು, ನನ್ನ ಗಂಡ ಯೋಸ್ಟ್, ಆರು ತಿಂಗಳ ರೇಗುಲಾ. ಯೋಸ್ಟ್ ಅಣೆಕಟ್ಟಿನ ಕೆಲಸಕ್ಕೆ ಇನ್ನೊಂದು ಕಣಿವೆಗೆ ಹೋದರೆ ಬರುತ್ತಿದ್ದದ್ದು ಶನಿವಾರವೇ. ಹಾಗಾಗಿ ವಾರವಿಡೀ ನನಗೆ ಮಾತಿಗೆ ಸಿಗುತ್ತಿದ್ದವಳು ಫೇಮತ್ತೆ. ಹೆಸರು ಫೇಮಿ, ಊರಿಗೆಲ್ಲ ಅವಳು ಅತ್ತೆ. ಆದರೆ ಅವಳ ಮನೆಯೊಳಗೆ ಕೂತು ಕಾಫಿ ಕುಡಿಯುವವರು ಕಡಿಮೆ. ನಾತಕ್ಕೆ ಹೆದರಿ ಎಂದು ನಾನು ಅಂದುಕೊಂಡಿದ್ದೆ.

ಗಾಳಿಕಾವಲಿನ ಬಾಲ್ಝ್‌ಗೆ ಮಾತ್ರ ಹೆದರಿಕೆ ಇರಲಿಲ್ಲ. ದಕ್ಷಿಣದ ಬಿಸಿಗಾಳಿ ಬೆಟ್ಟ ಇಳಿದು ಬೀಸತೊಡಗಿದರೆ ಊರಲ್ಲಿ ಬೆಂಕಿ ನಿಷಿದ್ಧ. ಆಗ ಅವನು ಮನೆಮನೆಗೂ ಹೋಗಿ ಒಲೆಯ ಬೂದಿಯಲ್ಲಿ ಕೈಯಿಟ್ಟು ನೋಡುತ್ತಾನೆ. ಫೇಮತ್ತೆಯ ಬಾಗಿಲಲ್ಲಿ ಮೂಗು ಹಿಡಿದುಕೊಂಡು, ನಿನ್ನ ಮನೆಗೆ ಬೆಂಕಿ ಬಿದ್ದರೆ ನಾತಕ್ಕೆ ಆ ಬೆಂಕಿಯೇ ಓಡಿಹೋಗುತ್ತದೆ ಅನ್ನುತ್ತಿದ್ದ. ಇವಳು, ನಿನ್ನ ಕಾಲುಚೀಲ ಬಿಚ್ಚಿದರೆ ಗಾಳಿಯೂ ಹಿಂದಕ್ಕೆ ತಿರುಗುತ್ತದೆ, ಮೊದಲು ಅದನ್ನು ಮಾಡು ಅನ್ನುವಳು.

ಸೀಗರ್ ಹಾಕಿ ಅಡುಗೆ ಮಾಡುವುದನ್ನು ನನ್ನ ತಾಯಿಯೂ ಕಲಿಸಿದ್ದಳು. ಆದರೆ ಕೈ ಕುದುರಿದ್ದು ಫೇಮತ್ತೆಯ ಒಲೆಯ ಮುಂದೆ. ಮ್ಯಾಕರೋನಿ ಬೆಂದ ನೀರನ್ನು ಪೂರ್ತಿ ಬಸಿಯಬಾರದು, ತಳದಲ್ಲಿ ಸ್ವಲ್ಪ ಇರಬೇಕು. ಈರುಳ್ಳಿ ಕಂದಾಗುವ ತನಕ ಕಾಯಬೇಕು, ಕಪ್ಪಾಗುವ ತನಕ ಕಾದರೆ ನಾಯಿಗೆ ಹಾಕಬೇಕು. ಪಾತ್ರೆಯನ್ನು ಬೆಂಕಿಯಿಂದ ಇಳಿಸಿದ ಮೇಲೆಯೇ ಸೀಗರ್ ತುರಿಯಬೇಕು. ಉರಿ ತಾಗಿದರೆ ಅದು ಮುನಿದು ಕಹಿಯಾಗುತ್ತದೆ. ಪಕ್ಕದಲ್ಲಿ ಸೇಬಿನ ಗೊಜ್ಜು ತಣ್ಣಗಿರಬೇಕು. ಇದನ್ನೆಲ್ಲ ಅವಳು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಮೊಣಕೈಯಿಂದ ನನ್ನನ್ನು ಸರಿಸಿ ಮಾಡಿ ತೋರಿಸುತ್ತಿದ್ದಳು. ಬಡಿಸಿಕೊಂಡು ಅವಳು ತಿನ್ನುತ್ತಿದ್ದದ್ದು ಮಾತ್ರ ಎರಡೇ ತುತ್ತು. ಇಷ್ಟಪಟ್ಟು ತಿನ್ನುವವರ ಮುಖ ಅದಲ್ಲ ಎಂದು ನನಗೆ ಮೊದಲ ವಾರವೇ ಅನಿಸಿತ್ತು, ಕೇಳಿರಲಿಲ್ಲ.

ಕೇಳುವ ಹಾಗಾದದ್ದು ಮಗುವಿನಿಂದ. ಚಳಿಗಾಲದ ಕೊನೆಯಲ್ಲಿ ರೇಗುಲಾ ಹಾಲು ಕುಡಿಯುವಾಗ ಮುಖ ತಿರುಗಿಸತೊಡಗಿದಳು, ಸಣ್ಣಗೆ ಕೆಮ್ಮು ಬೇರೆ. ಸೂಲಗಿತ್ತಿ ಬಂದು ನೋಡಿ, ಆ ಮೆಂತ್ಯದ ಘಾಟು ನಿನ್ನ ಹಾಲಿಗೂ ಇಳಿದಿದೆ, ಕೆಳಗಿನ ಒಲೆಯ ಹೊಗೆ ಮೆಟ್ಟಿಲು ಹತ್ತಿ ತೊಟ್ಟಿಲಿಗೂ ಬರುತ್ತಿದೆ, ಕೆಲವು ದಿನ ಎರಡನ್ನೂ ನಿಲ್ಲಿಸು ಅಂದಳು. ನನ್ನ ಬಾಯಿ ಕಟ್ಟುವುದು ಸುಲಭ. ಇನ್ನೊಬ್ಬರ ಮನೆಯಲ್ಲಿ ಅವರ ಅಡುಗೆ ನಿಲ್ಲಿಸಿ ಎನ್ನುವುದು ಹೇಗೆ? ಒಗೆದ ಬಟ್ಟೆ ಹಿಂಡುವಾಗ, ಇಬ್ಬರ ಕೈಯೂ ಒಂದೇ ಹೊದಿಕೆಯ ಎರಡು ತುದಿಯಲ್ಲಿರುವಾಗ, ಹೇಳಿಬಿಟ್ಟೆ.

ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ. ಹಿಂಡುತ್ತಲೇ ತನ್ನ ಅಪ್ಪನ ವಿಷಯ ತೆಗೆದಳು. ಅವನು ಬೆನ್ನಿಗೆ ಮರದ ಚೌಕಟ್ಟು ಕಟ್ಟಿಕೊಂಡು ಬಯಲುಸೀಮೆಯ ಊರೂರಿಗೆ ಸೀಗರ್ ಮಾರಲು ಹೋಗುತ್ತಿದ್ದನಂತೆ. ತಿಂಗಳುಗಟ್ಟಲೆ ಸುದ್ದಿಯಿಲ್ಲ, ಆಮೇಲೊಂದು ಸಂಜೆ ಅವನಿಗಿಂತ ಮೊದಲು ಅವನ ಕೋಟಿನ ವಾಸನೆ ಹೊಸ್ತಿಲು ದಾಟುತ್ತಿತ್ತಂತೆ. ತಾಯಿ ತಿರುಗಿಯೂ ನೋಡದೆ ಇನ್ನೊಂದು ತಟ್ಟೆ ಇಡುತ್ತಿದ್ದಳಂತೆ. ಫೇಮಿ ಎಂಟು ವರ್ಷದವಳಿದ್ದಾಗ ಹಾಗೆಯೇ ವಾಸನೆ ಬಂತು, ತಟ್ಟೆ ಇಟ್ಟಾಯಿತು, ಸೂಪು ಆರಿತು. ಅಪ್ಪ ಬರಲಿಲ್ಲ. ಅದೇ ಸಂಜೆ ದೂರದ ಯಾವುದೋ ವಸತಿಗೃಹದ ಬೆಂಚಿನ ಮೇಲೆ ಅವನು ತೀರಿಕೊಂಡಿದ್ದ. ಎರಡನೆಯ ಸಲ, ಮದುವೆಯಾದ ಮೇಲೆ, ನೀರಿನ ತೊಟ್ಟಿಯ ಹತ್ತಿರ ಬಯಲಿನಲ್ಲಿ ಅದೇ ಮೆಂತ್ಯದ ವಾಸನೆ. ಸ್ಲೇಟುಗಲ್ಲಿನ ಗಣಿಯಲ್ಲಿ ಅವಳ ಗಂಡ ಹೈರಿಯ ಮೇಲೆ ಚಾವಣಿ ಕುಸಿದ ದಿನ ಅದು. ಮೂರನೆಯ ಸಲ ತೊಟ್ಟಿಲಿನ ಮೇಲೆ.

"ನಂದೂ ಹೆಣ್ಣು ಮಗೂನೇ. ನಾಲ್ಕು ತಿಂಗಳು," ಅಂದಳು. "ವಾಸ್ನೆ ಬಂತು. ನಾನು ಕೂತೇ ಇದ್ದೆ. ಬಂದ್ಮೇಲೆ ಇನ್ನೇನ್ ಮಾಡೋದು ಅಂತ ಕೂತೇ ಇದ್ದೆ. ಬೆಳಗಾಗೋಷ್ಟರಲ್ಲಿ ಹೋಗ್ಬಿಡ್ತು."

ನನ್ನ ಕೈಯಲ್ಲಿದ್ದ ಹೊದಿಕೆಯ ತುದಿ ಜಾರಿತು. ಅವಳು ಅದನ್ನು ಎತ್ತಿ ಮತ್ತೆ ನನ್ನ ಕೈಗೇ ಕೊಟ್ಟಳು.

"ಅವತ್ತಿಂದ ದಿನಾ ಬೇಯಿಸ್ತೀನಿ. ತಿನ್ನೋ ಆಸೆಗಲ್ಲ. ವಾಸ್ನೆಗೆ ಒಂದು ಕಾರಣ ಇರ್ಲಿ ಅಂತ. ಮನೆ ತುಂಬ ಅದೇ ಇದ್ರೆ, ಅದು ಬಂದ್ರೂ ನಂಗೆ ಗೊತ್ತಾಗಲ್ಲ ನೋಡು."

ನಾನು ಹಾಗಾದರೆ ಬೇಡ, ನಾವೇ ಕಿಟಕಿ ತೆರೆದಿಟ್ಟುಕೊಳ್ಳುತ್ತೇವೆ ಎಂದೆ. ಅವಳು ಒಪ್ಪಲಿಲ್ಲ. ಕೆಮ್ಮುವುದು ಮಗು, ಹೆದರುವುದು ಮುದುಕಿ, ಯಾರದು ದೊಡ್ಡದು ಎಂದು ನನ್ನನ್ನೇ ಕೇಳಿದಳು. ಅಂದೇ ಮಧ್ಯಾಹ್ನ ಕಿಟಕಿಯ ಗಟ್ಟಿಯನ್ನು ಪಕ್ಕದ ಬೀದಿಯವರಿಗೆ ಕೊಟ್ಟು ಬಂದು, ಹಲಗೆ, ಸೌಟು, ತುರಿಯುವ ಮಣೆ ಎಲ್ಲವನ್ನೂ ಬೂದಿ ಹಾಕಿ ಉಜ್ಜಿದಳು. ಪರದೆಗಳನ್ನೂ ಬಿಚ್ಚಿ ಒಗೆದಳು. ನಾನೂ ನನ್ನ ಡಬ್ಬಿಯನ್ನು ತಾಯಿಯ ಮನೆಗೆ ಕಳಿಸಿದೆ. ಮನೆಗೆ ಸೋಪಿನ ವಾಸನೆ, ಮರದ ವಾಸನೆ, ಮಗುವಿನ ವಾಸನೆ ಬಂತು. ನನಗೆ ಹಿತವಾಗಿತ್ತು. ಅವಳು ಮಾತ್ರ ಕೋಣೆಯಿಂದ ಕೋಣೆಗೆ ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುವುದನ್ನು ರೂಢಿಸಿಕೊಂಡಳು, ಕತ್ತಲೆ ಕೋಣೆಗೆ ಕಾಲಿಡುವವರು ನಿಲ್ಲುವ ಹಾಗೆ.

ಮುಂದಿನ ವಾರ ಬಿಸಿಗಾಳಿ ಬಂತು. ಬೆಳಿಗ್ಗೆ ಎದ್ದಾಗಲೇ ಬೆಟ್ಟಗಳು ಕೈಗೆಟುಕುವಷ್ಟು ಹತ್ತಿರ ಬಂದು ನಿಂತಿದ್ದವು. ಚಾವಣಿಯ ಹಿಮ ಕರಗಿ ಒಂದೇ ಸಮನೆ ಸುರಿಯುತ್ತಿತ್ತು, ನನ್ನ ತಲೆ ಸಿಡಿಯುತ್ತಿತ್ತು. ಬಾಲ್ಝ್ ಬಂದು ಬೂದಿ ಮುಟ್ಟಿ ಹೋದ. ಊರಿನ ಒಂದು ಹೊಗೆಕೊಳವೆಯಲ್ಲೂ ಹೊಗೆಯಿಲ್ಲ. ತಣ್ಣನೆಯ ಹಾಲು, ತಣ್ಣನೆಯ ಬ್ರೆಡ್ಡು. ರೇಗುಲಾ ಅಂದು ಸದ್ದೇ ಮಾಡದೆ ಮಲಗಿದ್ದಳು. ಕೆಮ್ಮು ನಿಂತಿತ್ತು. ಸೂಲಗಿತ್ತಿಯ ಮಾತು ಫಲಿಸಿತು, ಪಾಪ ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದೆ ಎಂದುಕೊಂಡು ನಾನು ಹರಿದ ಅಂಗಿಗಳನ್ನು ಹೊಲಿಯುತ್ತಾ ಕೂತೆ.

ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದಾಯಿತು. ನಡುವೆ ನಿಂತು, ಮತ್ತೆ ಹತ್ತಿ, ಮತ್ತೆ ನಿಂತು ಬಂದ ಹೆಜ್ಜೆ. ಫೇಮತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಳು, ಒಳಗೆ ಬರಲಿಲ್ಲ.

"ಇವತ್ತು ಸೀಗರ್ ತುರಿದ್ಯಾ, ಹುಡುಗಿ?"

ತೀರ ಸಾಧಾರಣ ದನಿಯಲ್ಲಿ ಕೇಳಿದಳು, ಉಪ್ಪಿದೆಯಾ ಎಂದು ಕೇಳಿದ ಹಾಗೆ. ಮೂಗೆಳೆದು ನೋಡಿದೆ, ನನಗೆ ಏನೂ ಬರಲಿಲ್ಲ. ಅವಳ ಮುಖ ನೋಡಿದರೆ ಇಲ್ಲ ಎನ್ನುವ ಧೈರ್ಯ ಬರಲಿಲ್ಲ.

"ಹ್ಞೂಂ ಅತ್ತೆ. ಬೆಳಿಗ್ಗೆ ಬ್ರೆಡ್ಡಿಗೆ ಸ್ವಲ್ಪ."

ಅವಳು ಒಳಗೆ ಬಂದು ಗೋಡೆಯ ಮೊಳೆಯಿಂದ ನನ್ನ ತುರಿಯುವ ಮಣೆಯನ್ನು ತೆಗೆದಳು. ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದಳು, ಮೂಗಿನ ಹತ್ತಿರ ಹಿಡಿದಳು, ಮತ್ತೆ ಮೊಳೆಗೆ ತೂಗುಹಾಕಿದಳು.

"ಒಳ್ಳೆ ಮನಸ್ಸಿಂದ ಹೇಳ್ದೆ. ಈಗ ನಿಜ ಹೇಳು. ಸುಳ್ಳು ಹೇಳಿದ್ರೆ ನಾನು ಕೆಳಗೆ ಹೋಗಿ ಮತ್ತೆ ಸುಮ್ನೆ ಕೂತ್ಬಿಡ್ತೀನಿ."

ಇಲ್ಲ ಎಂದೆ. ಅಷ್ಟು ಹೇಳಿ ತೊಟ್ಟಿಲಿನ ಕಡೆ ತಿರುಗಿದೆ. ಬೆಳಗಿನಿಂದ ನೆಮ್ಮದಿಯ ನಿದ್ದೆ ಎಂದುಕೊಂಡಿದ್ದು ನನ್ನ ಕಣ್ಣಿಗೆ ಬೇರೆಯೇ ಆಗಿ ಕಂಡಿತು. ಮೂಗಿನ ಹೊಳ್ಳೆಗಳು ಹಕ್ಕಿಮರಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿದ್ದವು. ತುಟಿಯ ಸುತ್ತ ತೆಳುವಾದ ಬೂದು ಗೆರೆ. ಎತ್ತಿಕೊಂಡರೆ ಅವಳು ಅಳಲೂ ಇಲ್ಲ.

ಫೇಮತ್ತೆ ಆಗಲೇ ಉಣ್ಣೆಯ ಹೊದಿಕೆ ಬಿಡಿಸುತ್ತಿದ್ದಳು. ಡಾಕ್ಟರರಿರುವ ಶ್ವಾಂಡನ್‌ಗೆ ಹೋಗುವ ಟ್ರಾಮು ಇನ್ನೂ ಹೊರಟಿಲ್ಲ, ಓಡು ಅಂದಳು. ನೀವೂ ಬನ್ನಿ ಎಂದು ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು.

"ನಾನ್ ಬರಲ್ಲ. ಬಂದಿರೋದು ಖಾಲಿ ಮನೆ ನೋಡಿದ್ರೆ ಮಗೂನ ಹುಡುಕ್ಕೊಂಡು ಹೊರಡುತ್ತೆ. ಯಾರಾದ್ರೂ ಮನೇಲಿರ್ಬೇಕು."

ವಾದ ಮಾಡಲು ಸಮಯವಿರಲಿಲ್ಲ. ಮೆಟ್ಟಿಲಿಳಿಯುವಾಗ ತಿರುಗಿ ನೋಡಿದೆ. ಖಾಲಿ ತೊಟ್ಟಿಲಿನ ಪಕ್ಕದ ನನ್ನ ಕುರ್ಚಿಯಲ್ಲಿ ಅವಳು ನೆಟ್ಟಗೆ ಕೂತಿದ್ದಳು, ಅತಿಥಿಯನ್ನು ಕಾಯುವವರ ಹಾಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು.

ಡಾಕ್ಟರರು ರೇಗುಲಾಳ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಎರಡೂ ಕಡೆ ಪುಪ್ಪುಸದಲ್ಲಿ ಕಫ ತುಂಬಿದೆ, ಕೆಮ್ಮು ನಿಂತದ್ದು ಕೆಮ್ಮುವ ಶಕ್ತಿ ಇಲ್ಲದ್ದಕ್ಕೆ ಅಂದರು. ಪೆನಿಸಿಲಿನ್ ಚುಚ್ಚಿದರು, ಅವರ ಮನೆಯ ಮೇಲಿನ ಕೋಣೆಯಲ್ಲಿ ನಮ್ಮನ್ನು ಉಳಿಸಿಕೊಂಡರು. ಅವರ ಹೆಂಡತಿ ಹಬೆಯ ಪಾತ್ರೆ ತಂದಿಟ್ಟರು. ಯೋಸ್ಟ್‌ಗೆ ಸುದ್ದಿ ಹೋಯಿತು, ಬಂದ, ಮಗುವಿನ ಕಾಲಿನ ಹತ್ತಿರ ಕೂತ. ನಾನು ಹಾಲು ಹಿಂಡಿ ಚಮಚದಲ್ಲಿ ಕೊಡುತ್ತಿದ್ದೆ. ಮಾಡುವ ಕೆಲಸವಿದ್ದದ್ದೇ ನನ್ನ ಪುಣ್ಯ. ಜ್ವರ ಇಳಿಯತೊಡಗಿದಾಗ ಡಾಕ್ಟರರು ಇನ್ನೊಂದು ದಿನ ತಡವಾಗಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ಹಬೆಯ ಪಾತ್ರೆಯನ್ನು ಹತ್ತಿರ ಸರಿಸಿದರು.

ಆಗಿನಿಂದ ನನಗೆ ಇನ್ನೊಂದು ಭಯ ಹಿಡಿಯಿತು. ಮಗು ಉಳಿಯಿತು. ಹಾಗಾದರೆ ಬಂದದ್ದು ಬರಿಗೈಯಲ್ಲಿ ಹೋಯಿತೆ? ಇಂಥದ್ದನ್ನು ನಂಬುವವಳಲ್ಲ ನಾನು. ಆದರೂ ಊಟದ ತಟ್ಟೆಯ ಮುಂದೆ ಕೂತಾಗಲೆಲ್ಲ ಆ ಕುರ್ಚಿ, ಆ ಮಡಿಲಲ್ಲಿಟ್ಟ ಕೈಗಳು ಕಣ್ಣಿಗೆ ಬರುತ್ತಿದ್ದವು.

ವಾರ ಕಳೆದು ಎಂಗಿಯಲ್ಲಿ ಟ್ರಾಮು ಇಳಿದಾಗ ಗಾಳಿ ಬಿದ್ದುಹೋಗಿತ್ತು. ಎಲ್ಲ ಮನೆಗಳಿಂದ ಹೊಗೆ ಏಳುತ್ತಿತ್ತು, ನಮ್ಮ ಮನೆಯೊಂದನ್ನು ಬಿಟ್ಟು. ನಿಲ್ದಾಣದಲ್ಲಿ ಬಾಲ್ಝ್ ಸಿಕ್ಕ. ಒಲೆ ಹೊತ್ತಿಸಬಹುದು ಎಂದು ದಿನವೂ ಹೇಳಿ ಬರುತ್ತಿದ್ದೇನೆ, ಅವಳು ಹೊತ್ತಿಸುತ್ತಿಲ್ಲ, ನನ್ನನ್ನು ಬೈಯುತ್ತಲೂ ಇಲ್ಲ ಎಂದು ಟೋಪಿ ತೆಗೆದು ಹೇಳಿದ. ಅವನು ತಮಾಷೆ ಮಾಡದ್ದನ್ನು ನಾನು ಅಂದೇ ಮೊದಲು ಕಂಡದ್ದು. ಯೋಸ್ಟ್ ಪೆಟ್ಟಿಗೆಯೊಂದಿಗೆ ಹಿಂದೆ ಉಳಿದ. ನಾನು ಮಗುವನ್ನು ಅವುಚಿಕೊಂಡು ಹೆಚ್ಚು ಕಡಿಮೆ ಓಡಿದೆ.

ಅವಳು ಮೆಟ್ಟಿಲಿನ ಮೇಲೆ ಕೋಟು ಹಾಕಿಕೊಂಡು ಕೂತಿದ್ದಳು. ಸೊರಗಿದ್ದಳು, ಆದರೆ ಜೀವಂತ.

"ಉಸಿರಾಡ್ತಿದ್ಯಾ?"

ನಾನು ಮಗುವನ್ನೇ ಅವಳ ಕೈಗೆ ಕೊಟ್ಟೆ. ಅವಳು ಟೋಪಿ ಸರಿಸಿ ನೆತ್ತಿಗೆ ಮೂಗು ಇಟ್ಟಳು. ತೆಗೆದಳು. ಮತ್ತೆ ಇಟ್ಟು, ಕಣ್ಣು ಮುಚ್ಚಿ, ಆಳವಾಗಿ ಎಳೆದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕದ ತಟ್ಟಿ ಉತ್ತರ ಬಾರದೆ ನಿಂತವರ ಮುಖ.

ನೀನು ಹೋದ ಸಂಜೆ ನನ್ನ ಮೂಗು ಹೋಯಿತು, ದೀಪ ಆರಿಸಿದ ಹಾಗೆ, ಈಗ ಯಾವ ವಾಸನೆಯೂ ಇಲ್ಲ ಎಂದಳು. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿ ತಂದೆ, ವಿನೆಗರ್ ತಂದೆ. ಬಾಲ್ಝ್‌ನ ಮನೆಗೆ ಓಡಿ ಸೀಗರಿನ ತುಂಡನ್ನೇ ತಂದು ಮೂಗಿಗೆ ಹಿಡಿದೆ. ಅವಳು ವಿಧೇಯಳಾಗಿ ಎಲ್ಲವನ್ನೂ ಮೂಸಿ ತಲೆಯಾಡಿಸಿದಳು. ಶೀತ, ಗಾಳಿ, ವಯಸ್ಸು, ಊಟ ಬಿಟ್ಟದ್ದು, ಹೀಗೆ ಕಾರಣಗಳನ್ನು ಜೋಡಿಸಿದೆ. ಡಾಕ್ಟರರೂ ಆಮೇಲೆ ಅವನ್ನೇ ಹೇಳಿದರು. ಆ ಮೂಗು ಮತ್ತೆ ಬರಲಿಲ್ಲ.

"ಇರ್ಲಿ ಬಿಡು," ಅಂದಳು ಫೇಮತ್ತೆ. "ಮೂಗೊಂದು ತಗೊಂಡು ಇಷ್ಟಕ್ಕೇ ಬಿಟ್ಟು ಹೋಯ್ತಲ್ಲ. ಆದ್ರೆ ಇನ್ಮೇಲೆ ಅದು ಬಂದ್ರೂ ನಂಗೆ ಹೇಳಕ್ಕಾಗಲ್ಲ, ಗೊತ್ತಾಯ್ತಾ?"

ಗೊತ್ತಾಯಿತು. ಒಲೆ ಹೊತ್ತಿಸಲು ಎದ್ದೆ. ಅವಳು ನನ್ನ ಲಂಗದ ಅಂಚು ಹಿಡಿದು ಕೂರಿಸಿದಳು. ಮಗು ಅವಳ ತೋಳಿನಲ್ಲಿ ನಿದ್ದೆ ಹೋಗಿತ್ತು.

"ಇದ್ರ ತಲೆ ಎಂಥ ವಾಸ್ನೆ ಬರುತ್ತೆ, ಹೇಳು."

ಬಾಗಿ ಮೂಸಿ ನೋಡಿದೆ. ಆರಿದ ಹಾಲು, ಉಣ್ಣೆ, ಸ್ವಲ್ಪ ಡಾಕ್ಟರರ ಮನೆಯ ಸೋಪು ಎಂದೆ. ಅವಳು ಗಂಭೀರವಾಗಿ ತಲೆದೂಗಿದಳು, ಇನ್ನೂ ಇದೆ ಎನ್ನುವವಳಂತೆ ಕಾದಳು. ಇನ್ನೊಂದಿತ್ತು, ಮಗುವಿನ ನೆತ್ತಿಯದೇ ಆದದ್ದು. ಅದಕ್ಕೆ ನನಗೆ ಮಾತು ಸಿಗಲಿಲ್ಲ. ಮತ್ತೆ ಬಾಗಿದೆ.