ಹೊಲದ ಮಗ್ಗುಲಿಗೆ ಕಾಡು

ಬಿಲ್ಲೆಗೆ ಆರು ಅಂಚು. ಐದು ಅಂಚುಗಳ ಆಚೆ ಏನೂ ಇರಲಿಲ್ಲ; ಒಂದು ಅಂಚು ಮಾತ್ರ ಪಕ್ಕದ ಕೆರೆಗೆ ತಾಗಿತ್ತು. ಬಿಲ್ಲೆಯ ಮೇಲಿನ ದಟ್ಟ ಹಸಿರು ಕಾಡನ್ನು ಯಾರೋ ಬೇಕೆಂದೇ ದೂರಕ್ಕೆ ಸರಿಸಿ ಇಟ್ಟ ಹಾಗಿತ್ತು.

ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದೆ. ಉಮ್ಮತ್ತೂರಿನಿಂದ ಮೊದಲ ಬಸ್ಸಿಗೆ ಬಂದಿದ್ದೆ. ಮೋಡ ಕವಿದಿತ್ತು, ಮಳೆ ಬಂದಿರಲಿಲ್ಲ. ನನ್ನ ಚೀಲದಲ್ಲಿ ಅಮ್ಮ ಕೊಟ್ಟ ಬಾಣಂತಿ ಖಾರದ ಡಬ್ಬಿ ಇತ್ತು. ನಾನು ಹೊರಟಿದ್ದು ಭೀಮನಬೀಡಿನ ಅಕ್ಕನ ಮನೆಗೆ. ಎಂಟು ತಿಂಗಳು ತುಂಬಿದ ಮೇಲೆ ಅಕ್ಕನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಸ್ಪತ್ರೆಯಿಂದ ಅವಳು ನೇರ ಗಂಡನ ಮನೆಗೆ ಹೋಗಿಬಿಟ್ಟಳು. ಮಗು ಉಳಿಯದಿದ್ದರೂ ಬಾಣಂತಿ ಬಾಣಂತಿಯೇ, ತವರಿಗೆ ಬರಲಿ ಎಂದು ಅಮ್ಮ ಎಷ್ಟು ಹೇಳಿ ಕಳಿಸಿದರೂ ಬರಲಿಲ್ಲ. ಮಂಡಿನೋವಿನ ಅಮ್ಮನಿಗೆ ಬಸ್ ಹತ್ತಲು ಆಗುವುದಿಲ್ಲ. ಅಕ್ಕನನ್ನು ಕರೆದುಕೊಂಡೇ ಬಾ ಎಂದು ನನ್ನನ್ನು ಕಳಿಸಿದ್ದಳು.

ಅಕ್ಕ ನನ್ನ ಫೋನನ್ನೂ ಎತ್ತುತ್ತಿರಲಿಲ್ಲ. ಆದರೆ ಆಟ ನಿಲ್ಲಿಸಿರಲಿಲ್ಲ. ಅವಳ ಮದುವೆಯಾದಂದಿನಿಂದ ನಾವಿಬ್ಬರೂ ಮೊಬೈಲಿನಲ್ಲಿ ಆಡುತ್ತ ಬಂದ ಆಟ ಅದು. ಕಾಡು, ಕೆರೆ, ಗುಡ್ಡ, ಹುಲ್ಲುಗಾವಲುಗಳ ಚಿತ್ರವಿರುವ ಬಿಲ್ಲೆಗಳು. ಒಬ್ಬರಾದ ಮೇಲೊಬ್ಬರು ಒಂದೊಂದು ಬಿಲ್ಲೆ ಜೋಡಿಸಿ, ನಮ್ಮ ನಮ್ಮ ನೆಲವನ್ನು ಬೆಳೆಸಬೇಕು. ಕಾಡು ಹುಲ್ಲುಗಾವಲಿಗೆ ತಾಗಿದರೆ ಅಲ್ಲಿಗೆ ಆನೆ ಬರುತ್ತದೆ, ಆನೆ ಬಂದರೆ ಅಂಕ ಹೆಚ್ಚು. ಅಕ್ಕ ಮೊದಲಿನಿಂದಲೂ ಆನೆಗಳನ್ನು ತುಂಬಿಸಿಕೊಂಡು ನನ್ನನ್ನು ಸೋಲಿಸುತ್ತಿದ್ದಳು. ಈಗ ದಿನಕ್ಕೊಂದು ಬಿಲ್ಲೆ, ಅದೂ ಬೆಳಗಿನ ಜಾವದಲ್ಲಿ ಬರುತ್ತಿತ್ತು. ಕಾಡು ಬಂದಾಗಲೆಲ್ಲ ಅದನ್ನು ಹುಲ್ಲಿನಿಂದ ದೂರ, ತುದಿಗೆ ಒಯ್ದು ಇಡುತ್ತಿದ್ದಳು. ಒಂದು ಆನೆಯೂ ಬಂದಿರಲಿಲ್ಲ. ಎಲ್ಲವನ್ನೂ ಎಲ್ಲರನ್ನೂ ದೂರ ತಳ್ಳುತ್ತಿದ್ದಾಳೆ ಎಂದು ನಾನು ಅದಕ್ಕೆ ಅರ್ಥ ಹಚ್ಚಿದ್ದೆ. ಹಾಗಿದ್ದರೂ ಬೆಳಿಗ್ಗೆ ಎದ್ದು ಬಿಲ್ಲೆ ನೋಡಿದರೆ ಸಮಾಧಾನವಾಗುತ್ತಿತ್ತು. ನನ್ನ ಕಡೆಗೆ ಅವಳು ಒಂದು ಕಿಂಡಿ ತೆರೆದಿಟ್ಟಿದ್ದಾಳೆ, ಅಲ್ಲಿಂದ ಮಾತಾಡಿಸಿದರೆ ಬರುತ್ತಾಳೆ ಎಂಬ ನಂಬಿಕೆಯಲ್ಲೇ ಹೊರಟಿದ್ದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗುಂಡ್ಲುಪೇಟೆಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಹೆಂಗಸರ ಟಿಕೆಟ್ಟಿನ ಮೇಲೆ ದರ ಸೊನ್ನೆ. ನನ್ನ ಪಕ್ಕ ಕೂತಿದ್ದ ಅಜ್ಜಿಯನ್ನು ಕಂಡಕ್ಟರು ಆಧಾರ್ ಕಾರ್ಡು ಕೇಳಿದ.

"ದಿನಾ ನೋಡೀಯಲ್ಲ ಈ ಮೊಖವ. ಇನ್ನೂ ಗುರ್ತಿಲ್ವಾ ನಿಂಗೆ?"

"ಮೊಖ ನೋಡಿ ಟಿಕೆಟ್ ಕೊಡಂಗಿದ್ರೆ ನಿಂಗೆ ಎರಡು ಕೊಡ್ತಿದ್ದೆ ಕಣಜ್ಜಿ. ಕಾರ್ಡ್ ತಗಿ."

ಅಜ್ಜಿ ಗೊಣಗುತ್ತ ಎಲೆಅಡಿಕೆ ಚೀಲದೊಳಗಿಂದ ಕಾರ್ಡು ತೆಗೆದಳು. ಆಮೇಲೆ ನನ್ನ ಮೊಬೈಲಿನತ್ತ ಬಗ್ಗಿ, ಅದೇನು ಸೈಟು ಅಳೆಯುತ್ತಿದ್ದೀಯಾ ಎಂದು ಕೇಳಿದಳು. ಆಟ, ಭೀಮನಬೀಡಿನ ಅಕ್ಕನ ಜೊತೆ ಆಡುತ್ತಿದ್ದೇನೆ ಎಂದೆ. ಅಷ್ಟು ದೂರದಿಂದ ಆಡುವುದು ಹೇಗೆಂದು ಅವಳು ಕೇಳಲಿಲ್ಲ. "ಆಡು ಬುಡು. ಅಕ್ಕ ತಂಗೀರು ಆಡ್ಕಂಡಿರಗಂಟ ತವರು ಅದೆ ಅಂತ ಲೆಕ್ಕ" ಎಂದು ತೆರಕಣಾಂಬಿಯಲ್ಲಿ ಇಳಿದುಹೋದಳು. ಅಲ್ಲಿಂದ ಮುಂದೆ ಎರಡೂ ಕಡೆ ಅರಿಸಿನ, ಬಾಳೆ, ಕಿತ್ತು ಮುಗಿದ ಚೆಂಡುಹೂವಿನ ಹೊಲಗಳು. ಒಣಗಿದ ಗಿಡಗಳು ಕಂದು ಬಣ್ಣಕ್ಕೆ ತಿರುಗಿ ಹಾಗೇ ನಿಂತಿದ್ದವು.

ಗುಂಡ್ಲುಪೇಟೆಯಲ್ಲಿ ಇಳಿದಾಗ ಸಣ್ಣಗೆ ಹನಿಯುತ್ತಿತ್ತು. ಕೇರಳದ ಕಡೆ ಹೊರಟ ತರಕಾರಿ ಲಾರಿಗಳು ರಸ್ತೆಯ ಕೆಸರನ್ನು ಫುಟ್‌ಪಾತಿಗೆ ಎರಚುತ್ತಿದ್ದವು. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಟೀ ಕುಡಿದೆ, ಸಕ್ಕರೆ ಜಾಸ್ತಿಯಾಗಿತ್ತು. ಅಕ್ಕನಿಗೆಂದು ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಕೊಂಡು, ಭೀಮನಬೀಡಿನ ಕಡೆ ಹೋಗುವ ಆಟೋದಲ್ಲಿ ಇನ್ನೂ ಆರು ಮಂದಿಯ ಜೊತೆ ಕೂತೆ. ಗೋಪಾಲಸ್ವಾಮಿ ಬೆಟ್ಟ ಇರಬೇಕಾದ ಕಡೆ ಬರೀ ಬೂದು ಮೋಡವಿತ್ತು.

ಅಕ್ಕನ ಅತ್ತೆ ಮಾದಮ್ಮನವರು ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ಕಾಲಿಗೆ ನೀರು ಕೊಟ್ಟು, ಒಳಗಿನ ಕೋಣೆಯ ಕಡೆ ಕಣ್ಣಿನಲ್ಲೇ ತೋರಿಸಿದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಜಡೆ ಬಿಗಿಯಾಗಿ ಹೆಣೆದಿತ್ತು, ಎಣ್ಣೆ ಹಚ್ಚಿತ್ತು. ಅವಳೇ ಹೆಣೆದುಕೊಂಡದ್ದಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಬಂದೆಯಾ ಎಂದಳು. ಅಷ್ಟೇ. ಖಾರದ ಡಬ್ಬಿ ತೋರಿಸಿದೆ, ನೋಡಲಿಲ್ಲ. ಭಾವ ಹೊಲದಿಂದ ಬಂದು ನನ್ನನ್ನು ಮಾತಾಡಿಸಿ, ಉಂಡು, ಮತ್ತೆ ಹೋದರು. ನಾನು ಮುದ್ದೆ ಮತ್ತು ಹುರುಳಿ ಸಾರು ಉಂಡೆ. ಅಕ್ಕನಿಗೆ ಅತ್ತೆಯೇ ತಟ್ಟೆ ಒಯ್ದು, ಅರ್ಧ ಉಳಿದದ್ದನ್ನು ವಾಪಸ್ಸು ತಂದರು. ಡಾಕ್ಟರು ಕೊಟ್ಟ ಮಾತ್ರೆಯನ್ನು ತಾವೇ ನಿಂತು ನುಂಗಿಸುತ್ತಾರಂತೆ.

ಮಧ್ಯಾಹ್ನ ಅಕ್ಕನ ಪಕ್ಕ ಕೂತು ಮೊಬೈಲು ತೆಗೆದೆ. ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡ ಮಾತು ಅದೊಂದೇ.

"ಅಕ್ಕ, ಕಾಡನ್ನೆಲ್ಲ ಯಾಕೆ ಅಷ್ಟು ದೂರ ಇಡ್ತೀಯ?"

ಅಕ್ಕ ಅಲುಗಲಿಲ್ಲ. ಬಾಗಿಲಿನ ಕಡೆಯಿಂದ ಉತ್ತರ ಬಂತು.

"ಒಲದ ಮಗ್ಗುಲ್ಗೆ ಯಾರಾರ ಕಾಡ ತಂದು ಮಡಗ್ತಾರಾ ಕಣಮ್ಮಿ? ಒಂದೇ ರಾತ್ರಿಗೆ ಆನೆ ತುಳ್ದು ನೆಲಸಮ ಮಾಡ್ಬುಡ್ತವೆ. ನೀನು ಎಲ್ಲಾನೂ ಒತ್ತೊತ್ಗೆ ಮಡಗೀಯೆ, ನೋಡ್ತಾನೆ ಇವ್ನಿ. ಓದ್ದೋಳಾಗಿ ಅಷ್ಟೂ ಗೊತ್ತಾಗಾಕಿಲ್ವಾ?"

ಅತ್ತೆ ಮೊರ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಅವರ ಸೊಂಟದಲ್ಲಿ ಅಕ್ಕನ ಮೊಬೈಲು ಸಿಕ್ಕಿಸಿತ್ತು.

ಅವರೇ ಬಂದು ಕೂತು ಹೇಳಿದರು. ಅಕ್ಕ ಬಸುರಿಯಾಗಿದ್ದಾಗ ಅವಳು ಆಡುವುದನ್ನು ಮಗ್ಗುಲಲ್ಲಿ ಕೂತು ನೋಡಿ ಕಲಿತಿದ್ದರಂತೆ. ಅವರ ಬಾಯಲ್ಲಿ ಬಿಲ್ಲೆಗಳೆಲ್ಲ ಚೌಕಾಬಾರದ ಕಾಯಿಗಳು. ಹಳದಿ ಹುಲ್ಲುಗಾವಲು ಚೆಂಡುಹೂವಿನ ಹೊಲ. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ಮೊಬೈಲು ಮುಟ್ಟಿಲ್ಲ. "ಕಾಯಿ ನಡೆಸ್ದೆ ಇದ್ರೆ ನೀನು ಫೋನ್ ಮೇಲೆ ಫೋನ್ ಮಾಡಿಯೆ. ಇವ್ಳು ಎತ್ತಾಕಿಲ್ಲ. ನಿಮ್ಮವ್ವ ಅಲ್ಲಿ ಉಣ್ಣೋದ್ ಬುಟ್ಟು ಕುಂತ್ಕತಾಳೆ. ಅದ್ಕೆ ನಾನೇ ಮಡಗ್ಬುಡ್ತಿದ್ದೆ."

ಇಷ್ಟು ದಿನ ನಾನು ಅಕ್ಕನ ಮನಸ್ಸೆಂದು ಓದುತ್ತಿದ್ದುದು ಇವರ ಆನೆಭಯವನ್ನು. ಅಕ್ಕ ತೆರೆದಿಟ್ಟಿದ್ದಾಳೆ ಎಂದುಕೊಂಡ ಕಿಂಡಿಯಲ್ಲಿ ಅಕ್ಕ ಇರಲೇ ಇಲ್ಲ.

ಅತ್ತೆ ಎದ್ದುಹೋದ ಮೇಲೆ ಅಕ್ಕನ ಬೆನ್ನ ಮೇಲೆ ಕೈಯಿಟ್ಟು, ಅಮ್ಮ ಕಾಯುತ್ತಿದ್ದಾಳೆ, ನನ್ನ ಜೊತೆ ಉಮ್ಮತ್ತೂರಿಗೆ ಬಾ, ಹದಿನೈದು ದಿನ ಇದ್ದು ಬರುವೆಯಂತೆ ಎಂದೆ. ನಿದ್ದೆ ಹೋದಳೇನೋ ಎಂದು ಕೈ ತೆಗೆದಾಗ ಗೋಡೆಗೆ ಹೇಳುವ ಹಾಗೆ ಹೇಳಿದಳು.

"ಮಗೂನ ಇಲ್ಲೇ ಮಡಗವ್ರೆ. ನಾನೆಲ್ಲಿಗೆ ಬರ್ಲಿ?"

ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ. ಸಂಜೆ ಅಮ್ಮನಿಗೆ ಫೋನು ಮಾಡಿ, ಈಗ ಬರುವುದಿಲ್ಲ ಎಂದೆ. ಅಮ್ಮ ಖಾರದ ಡಬ್ಬಿ ಕೊಟ್ಟೆಯಾ ಎಂದು ಮಾತ್ರ ಕೇಳಿದಳು.

ಮರುದಿನ ಬೆಳಗಿನ ಜಾವ ಅತ್ತೆ ಮಚ್ಚು ಹಿಡಿದು ಹೊರಡುವುದನ್ನು ಕಂಡು, ನಾನೂ ಚಪ್ಪಲಿ ಮೆಟ್ಟಿ ಹಿಂದೆ ಹೋದೆ. ಬೇಡವೆನ್ನಲಿಲ್ಲ. ಹೊಲ ಊರಿಂದ ಅರ್ಧ ಗಂಟೆಯ ನಡಿಗೆ. ಕೊನೆಯ ಬದುವಿನ ಆಚೆ ಕುರುಚಲು, ಅದರಾಚೆ ಕಾಡು. ಬದುವಿನ ಮೂಲೆಯಲ್ಲಿ ಅಕ್ಕನ ಮಾವನ ಸಮಾಧಿ ಇದೆ. ಅದರ ಮಗ್ಗುಲಲ್ಲೇ ಮೊಳದುದ್ದದ ಒಂದು ಮಣ್ಣಿನ ದಿಬ್ಬ. ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಜಾಲಿ ಮುಳ್ಳು ಒಟ್ಟಿತ್ತು. ಒಂದಷ್ಟು ದೂರದಲ್ಲಿ ಹಂದಿಗಳು ರಾತ್ರಿ ಮಣ್ಣು ಕೆದಕಿಹೋದ ಗುರುತು ಹಸಿಯಾಗಿತ್ತು.

ಅತ್ತೆ ದಿಬ್ಬದ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, "ಇವತ್ತೂ ಅತ್ರ ಬಂದಿಲ್ಲ" ಎಂದರು. ಹೊಸ ಮುಳ್ಳು ಕಡಿದರು. ನಾನು ಅದನ್ನು ಎಳೆದು ತಂದು ಹಳೆಯದರ ಮೇಲೆ ಹಾಕಿದೆ. ಕೈಗೆ ಎರಡು ಕಡೆ ಚುಚ್ಚಿತು. ಆಮೇಲೆ ಅವರು ಬದುವಿನ ಮೇಲೆ ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೊಬೈಲು ತೆಗೆದು ನಿಧಾನವಾಗಿ ಒಂದು ಬಿಲ್ಲೆ ಇಟ್ಟರು. ನನ್ನ ಜೇಬಿನಲ್ಲಿ ಸದ್ದಾಯಿತು.

"ನಿನ್ ಪಾಳಿ ಕಣವ್ವ" ಎಂದರು.

ನನಗೆ ಬಂದದ್ದು ಕಾಡಿನ ಬಿಲ್ಲೆ. ಹುಲ್ಲುಗಾವಲಿನ ಪಕ್ಕ ಜಾಗ ಖಾಲಿಯಿತ್ತು. ಅಲ್ಲಿಟ್ಟಿದ್ದರೆ ಆನೆ ಬರುತ್ತಿತ್ತು. ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದರು. ಬಿಲ್ಲೆಯನ್ನು ಕೆರೆಯ ಆಚೆಗೆ ಒಯ್ದು, ಒಂದೇ ಅಂಚು ತಾಗುವ ಹಾಗೆ ಮಡಗಿದೆ.