ಭಾನುಪ್ರಿಯಾಳ ಖುಲಾಸೆ

ಮಂಚೇನಹಳ್ಳಿಯ ಅಂಬರೀಶ್ ಮೊದಮೊದಲು ಸೋಮವಾರ ಗೌರಿಬಿದನೂರು, ಮಂಗಳವಾರ ಚಿಕ್ಕಬಳ್ಳಾಪುರ, ಬುಧವಾರ ಶಿಡ್ಲಘಟ್ಟ ಎಂದು ಬಸ್ಸು ಹತ್ತಿ ಕೋರ್ಟುಗಳನ್ನು ಸುತ್ತುತ್ತಿದ್ದ. ನೋಟಿಸ್ ಬೋರ್ಡಿಗೆ ಅಂಟಿಸಿದ ಆ ದಿನದ ಕೇಸುಗಳ ಪಟ್ಟಿಯನ್ನು ನಿಂತುಕೊಂಡೇ ಬರೆದುಕೊಳ್ಳುತ್ತಿದ್ದ. ಆಮೇಲೆ ಎಲ್ಲವೂ ಕಂಪ್ಯೂಟರಿನಲ್ಲೇ ಸಿಗತೊಡಗಿತು. ಚಿಂತಾಮಣಿ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಅವನ ಮೇಜು. ಪೊಲೀಸರು ವೆಬ್‌ಸೈಟಿಗೆ ಹಾಕಿದ ಎಫ್‌ಐಆರ್‌ಗಳನ್ನೂ ಕೋರ್ಟಿನ ಆದೇಶಗಳನ್ನೂ ಇಳಿಸಿಕೊಂಡು, ಬಂಧನವಾದವರ ಹೆಸರು, ವಯಸ್ಸು, ಊರು, ಕೇಸಿನ ಕಲಂಗಳನ್ನು ಬೆಂಗಳೂರಿನ ಒಂದು ಕಂಪನಿಗೆ ತುಂಬಿ ಕಳಿಸುವುದು ಅವನ ಕೆಲಸ. ಕಂಪನಿ ಅದನ್ನು ತನ್ನ ವೆಬ್‌ಸೈಟಿಗೆ ಹಾಕುತ್ತಿತ್ತು. ಕೆಲಸ ಕೊಡುವವರು, ಮನೆ ಬಾಡಿಗೆಗೆ ಕೊಡುವವರು ಅಲ್ಲಿ ಹೆಸರು ಹೊಡೆದು ನೋಡುತ್ತಿದ್ದರು.

ಅಂಬರೀಶ್ ಕೆಟ್ಟವನಲ್ಲ. ಒಂದಕ್ಷರ ತಪ್ಪಿದರೂ ಯಾರದೋ ಕೇಸು ಇನ್ಯಾರದೋ ತಲೆಗೆ ಬರುತ್ತದೆಂದು ಪ್ರತಿ ಹೆಸರನ್ನೂ ಎರಡೆರಡು ಸಲ ಓದುತ್ತಿದ್ದ.

ಒಂದು ಮಧ್ಯಾಹ್ನ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ಬಂದಳು. ವಕೀಲರ ಗುಮಾಸ್ತರು ಅವನನ್ನು ತೋರಿಸಿದ್ದರಂತೆ.

"ಅಣ್ಣ, ನನ್ನ ಹೆಸ್ರು ಭಾನುಪ್ರಿಯಾ. ಫೋನಲ್ಲಿ ನನ್ನನ್ನ ಕಳ್ಳಿ ಅಂತ ಹಾಕವ್ರೆ. ನೀವೇ ಹಾಕೋದಂತೆ."

"ನಾನು ಹಾಕಲ್ಲಮ್ಮ. ಪೊಲೀಸ್ನೋರು, ಕೋರ್ಟ್ನೋರು ಹಾಕಿರೋದನ್ನ ಒಂದ್ಕಡೆ ಸೇರಿಸ್ತೀನಿ, ಅಷ್ಟೇ."

"ಕೋರ್ಟ್ನೋರು ನಂದೇನೂ ತಪ್ಪಿಲ್ಲ ಅಂತಾನೂ ಹಾಕವ್ರಲ್ಲಣ್ಣ. ಅದನ್ಯಾಕೆ ಸೇರಿಸ್ಲಿಲ್ಲ?"

ಅವನು ಕಾಗದ ತೆಗೆದು ಓದಿದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಮನೆಗೆಲಸ ಮಾಡುತ್ತಿದ್ದ ಮನೆಯಲ್ಲಿ ಚಿನ್ನದ ಸರ ಕಾಣೆಯಾಗಿತ್ತು. ಅವಳನ್ನು ಹಿಡಿದುಕೊಂಡು ಹೋದರು. ಹನ್ನೊಂದು ದಿನ ಜೈಲಿನಲ್ಲಿದ್ದಳು. ಎರಡು ವರ್ಷದ ಮೇಲೆ, ಸರ ಬೀರುವಿನ ಹಿಂದೆ ಸಿಕ್ಕಿತೆಂದು ದೂರು ಕೊಟ್ಟವರೇ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ಖುಲಾಸೆಯಾಗಿತ್ತು.

ಅಂಬರೀಶ್ ಕಂಪ್ಯೂಟರಿನ ಕಡೆ ತಿರುಗಿದ. ಕಂಪನಿಯ ನಮೂನೆಯಲ್ಲಿ ಬಂಧನದ ದಿನಾಂಕಕ್ಕೆ ಜಾಗವಿತ್ತು, ಕೇಸು ಕೊನೆಗೆ ಏನಾಯಿತೆಂದು ಬರೆಯಲು ಜಾಗವಿರಲಿಲ್ಲ. ಅಷ್ಟು ವರ್ಷ ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲ.

ಭಾನುಪ್ರಿಯಾ ಖುಲಾಸೆಯಾದ ಮೇಲೆ ರೋಗಿಗಳ ಆರೈಕೆಯ ಒಂದು ವರ್ಷದ ತರಬೇತಿ ಮುಗಿಸಿ, ಚಿಕ್ಕಬಳ್ಳಾಪುರದ ಒಂದು ನರ್ಸಿಂಗ್ ಹೋಮಿಗೆ ಸೇರಿದ್ದಳು. ಎರಡು ತಿಂಗಳಿಗೆ ಆಫೀಸಿನವರು ಕರೆದು ಫೋನು ತೋರಿಸಿದರು. ಅವಳು ಮನೆಯಿಂದ ತೀರ್ಪಿನ ಪ್ರತಿ ತಂದುಕೊಡುವಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಿದ್ದರು.

"ಒಂದ್ವಾರ ಟೈಮ್ ಕೊಡಮ್ಮ, ತೆಗೆಸ್ತೀನಿ" ಎಂದ ಅಂಬರೀಶ್.

ತೀರ್ಪನ್ನು ಅಂದೇ ಕಂಪನಿಗೆ ಕಳಿಸಿದ. ಬಂಧನವಾದದ್ದು ಸುಳ್ಳಲ್ಲವಲ್ಲ ಎಂದು ಉತ್ತರ ಬಂತು. ಮತ್ತೆ ಮತ್ತೆ ಬರೆದ. ನಾಲ್ಕು ತಿಂಗಳ ಮೇಲೆ ತೆಗೆದರು. ಅಷ್ಟರಲ್ಲಿ ಇನ್ನೆರಡು ವೆಬ್‌ಸೈಟಿನವರು ಅದನ್ನು ಹಾಗೆಯೇ ಎತ್ತಿಕೊಂಡಿದ್ದರು. ಅವರಿಗೆ ವಿಳಾಸವಿಲ್ಲ, ಫೋನಿಲ್ಲ. ಆ ನಾಲ್ಕು ತಿಂಗಳಲ್ಲಿ ಭಾನುಪ್ರಿಯಾ ಮೂರು ಸಲ ಬಂದು ಹೋದಳು. ಕೊನೆಯ ಸಲ ಕೂರಲಿಲ್ಲ. "ಗಾರ್ಮೆಂಟ್ಸ್ನೋರೂ ನೋಡ್ಬುಟ್ರಣ್ಣ" ಎಂದಷ್ಟೇ ಹೇಳಿದಳು.

ಅದಾದ ಮೇಲೆ ಬಂದವರು ಅವಳ ತಾಯಿ ಚಿಕ್ಕವೆಂಕಟಮ್ಮ. ಯಾರೂ ತನ್ನನ್ನು ಅರಿಯದ ಕಡೆ ಹೋಗುತ್ತೇನೆಂದು ಹೇಳಿ ಮಗಳು ಮನೆ ಬಿಟ್ಟು ಹನ್ನೆರಡು ದಿನವಾಗಿತ್ತು. ಫೋನು ಆಫ್ ಆಗಿತ್ತು.

"ನೀನೇ ಬರ್ದಿದ್ದು ಅಂತ ಭಾನು ಹೇಳಿದ್ಲು" ಎಂದರು ಆಕೆ. "ಅದಕ್ಕೆ ಬಂದಿಲ್ಲ ನಾಯನಾ. ನೀನು ಯಾರ ಹೆಸ್ರಾದ್ರೂ ಹುಡುಕ್ತೀಯಂತೆ. ನನ್ ಮಗ್ಳು ಎಲ್ಲವ್ಳೆ, ನೋಡು."

ಅವನು ಹೆಸರು, ಊರು ಹೊಡೆದ. ಎರಡು ಸಾಲು ಬಂದವು. ಎರಡರಲ್ಲೂ ಇದ್ದದ್ದು ಅವನು ಬರೆದ ಆ ಬಂಧನವೇ. ಓದಲು ಬಾರದ ಚಿಕ್ಕವೆಂಕಟಮ್ಮ ಪರದೆಯ ಹತ್ತಿರ ಬಗ್ಗಿದರು.

"ಬಂತಾ? ಏನಂತೈತೆ? ಚೆನ್ನಾಗವ್ಳಾ?"

"ಇದ್ರಲ್ಲಿ ಗೊತ್ತಾಗಲ್ಲಮ್ಮ" ಎಂದು ಹೇಳಿ ಅಂಬರೀಶ್ ಕಂಪ್ಯೂಟರ್ ಆರಿಸಿದ. ಅಂಗಡಿಯವರ ಎದುರೇ ಅತ್ತ.

ಕಾಣೆಯಾದ ದೂರು ಕೊಡೋಣವೆಂದು ಆಕೆಯನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದ. ಪೇದೆ ಹುಡುಗಿಯ ಹೆಸರು ಕೇಳಿದ. ಆಕೆ ಹೇಳಲಿಲ್ಲ. ಅಂಬರೀಶ್ ಬಾಯಿ ತೆರೆಯುವಷ್ಟರಲ್ಲಿ ಅವನ ತೋಳು ಹಿಡಿದು ಎಳೆದರು.

"ಬ್ಯಾಡ ನಾಯನಾ. ಇನ್ನೊಂದ್ಸಲ ನನ್ ಮಗ್ಳ ಹೆಸ್ರು ಸ್ಟೇಷನ್ನಲ್ಲಿ ಬರೆಸ್ಬ್ಯಾಡ."

"ಇದು ಹುಡ್ಕೋಕೆ ಕಣಮ್ಮ, ಕೇಸಲ್ಲ."

"ಓದೋರ್ಗೆ ಯಾವ್ದಾದ್ರೇನಪ್ಪ?" ಎಂದು ಆಕೆ ಮೆಟ್ಟಿಲಿಳಿದು ನಡೆದೇಬಿಟ್ಟರು. ದೂರು ದಾಖಲಾಗಲಿಲ್ಲ.

ಆ ತಿಂಗಳೇ ಅಂಬರೀಶ್ ಕಂಪನಿಯ ಕೆಲಸ ಬಿಟ್ಟ. ಅವನ ಪಟ್ಟಿಯನ್ನು ಶಿಡ್ಲಘಟ್ಟದ ಇನ್ನೊಬ್ಬ ಮುಂದುವರಿಸಿದ. ಇವನು ಈಗ ಮಂಚೇನಹಳ್ಳಿಯಲ್ಲಿ ಬಿತ್ತನೆ ಬೀಜದ ಅಂಗಡಿಯಲ್ಲಿದ್ದಾನೆ. ಭಾನುವಾರ ಬಂದರೆ ಚಿಂತಾಮಣಿಗೆ ಹೋಗಿ ಚಿಕ್ಕವೆಂಕಟಮ್ಮನನ್ನು ಜೊತೆ ಮಾಡಿಕೊಳ್ಳುತ್ತಾನೆ. ಮದನಪಲ್ಲಿ, ಹಿಂದೂಪುರ, ಕೋಲಾರ ಎಂದು ಊರೂರಿನ ಆಸ್ಪತ್ರೆ, ಹಾಸ್ಟೆಲ್ಲು, ಬಸ್‌ಸ್ಟ್ಯಾಂಡುಗಳಲ್ಲಿ ಇಬ್ಬರೂ ಹುಡುಗಿಯ ಫೋಟೋ ತೋರಿಸಿ ಕೇಳುತ್ತಾರೆ. ಹೆಸರೇನೆಂದು ಯಾರಾದರೂ ವಿಚಾರಿಸಿದರೆ ತಾಯಿ "ನನ್ ಮಗ್ಳು" ಎನ್ನುತ್ತಾರೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಬಸ್ಸಿನಲ್ಲಿ ಆಕೆ ಇವತ್ತಿಗೂ ಅಂಬರೀಶ್‌ನ ಪಕ್ಕ ಕೂರುವುದಿಲ್ಲ. ಒಂದೂವರೆ ವರ್ಷವಾಯಿತು. ಹುಡುಗಿ ಸಿಕ್ಕಿಲ್ಲ.